ಕೋಚ್ ಮಾಡಿದ ತಪ್ಪಿಗೆ ಇಡೀ ತಂಡಕ್ಕೆ ಯಾಕೆ ಶಿಕ್ಷೆ?

ಓದುಗರ ಪ್ರಶ್ನೆ: ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಮಕ್ಕಳ ಮೇಲೆ ದೌರ್ಜನ್ಯ ನಡೆಸಿದ್ದು ಒಬ್ಬ ಕೋಚ್. ಮುಚ್ಚಿಟ್ಟಿದ್ದು ಮೇಲೆ ಕೂತ ಕೆಲವರು. ಹಾಗಿರುವಾಗ ಫುಟ್‌ಬಾಲ್ ತಂಡಕ್ಕೆ ಶಿಕ್ಷೆ ಯಾಕೆ ಕೊಟ್ಟರು? ಆಡುವ ಹುಡುಗರು ಏನು ತಪ್ಪು ಮಾಡಿದ್ದರು?

ಹುಡುಗರು ಏನೂ ತಪ್ಪು ಮಾಡಿರಲಿಲ್ಲ. ಅದರಲ್ಲಿ ಎರಡು ಮಾತಿಲ್ಲ. ಆದರೂ ಫುಟ್‌ಬಾಲನ್ನು ಮುಟ್ಟದೆ ಬಿಡುವುದೂ ಸರಿಯಾಗುತ್ತಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಯಾಕೆ ಅನ್ನುವುದಕ್ಕೆ ನಡೆದದ್ದನ್ನು ಸ್ವಲ್ಪ ನೋಡಬೇಕು.

ಪೆನ್ಸಿಲ್ವೇನಿಯಾ ರಾಜ್ಯದ ಸ್ಟೇಟ್ ಕಾಲೇಜ್ ಎಂಬ ಊರಲ್ಲಿ ಈ ಯೂನಿವರ್ಸಿಟಿ ಇದೆ. ಅಲ್ಲಿನ ಬೀವರ್ ಸ್ಟೇಡಿಯಂನಲ್ಲಿ 1 ಲಕ್ಷಕ್ಕೂ ಜಾಸ್ತಿ ಜನ ಕೂರಬಹುದು. ಅಮೆರಿಕನ್ ಫುಟ್‌ಬಾಲ್ ಪಂದ್ಯ ಇದ್ದ ದಿನ ಊರಿನ ಜನಕ್ಕಿಂತ ಸ್ಟೇಡಿಯಂ ಒಳಗಿರುವ ಜನವೇ ಹೆಚ್ಚು. ಜೋ ಪಟರ್ನೋ 1966ರಿಂದ ಅಲ್ಲಿ ಮುಖ್ಯ ಕೋಚ್ ಆಗಿದ್ದರು. ಅವರ ಕಂಚಿನ ಪ್ರತಿಮೆ ಸ್ಟೇಡಿಯಂ ಹೊರಗೇ ನಿಂತಿತ್ತು. ಅವರ ಕೈಕೆಳಗೆ ವರ್ಷಾನುಗಟ್ಟಲೆ ಸಹಾಯಕ ಕೋಚ್ ಆಗಿದ್ದವನು ಜೆರ್ರಿ ಸ್ಯಾಂಡಸ್ಕಿ. ಇವನು 1977ರಲ್ಲಿ ಬಡ ಮಕ್ಕಳಿಗಾಗಿ ಒಂದು ಸೇವಾ ಸಂಸ್ಥೆ ಶುರು ಮಾಡಿದ. ಅದರ ಮೂಲಕ ಸಿಕ್ಕ ಮಕ್ಕಳನ್ನೇ ಬಲಿ ಮಾಡಿಕೊಂಡ.

1998ರಲ್ಲಿ ಒಬ್ಬ ತಾಯಿ ಯೂನಿವರ್ಸಿಟಿ ಪೊಲೀಸರಿಗೆ ದೂರು ಕೊಟ್ಟರು. ಕೇಸ್ ಆಗಲಿಲ್ಲ. 2001ರಲ್ಲಿ ತಂಡದ ಒಬ್ಬ ಯುವ ಸಹಾಯಕ ಸ್ನಾನದ ಕೋಣೆಯಲ್ಲಿ ಸ್ಯಾಂಡಸ್ಕಿ ಒಬ್ಬ ಹುಡುಗನ ಜೊತೆ ಇದ್ದದ್ದನ್ನು ಕಂಡು, ಮರುದಿನವೇ ಪಟರ್ನೋಗೆ ಹೇಳಿದ. ಪಟರ್ನೋ ಕ್ರೀಡಾ ನಿರ್ದೇಶಕ ಟಿಮ್ ಕರ್ಲಿಗೆ ಹೇಳಿದರು. ಅಲ್ಲಿಂದ ಅದು ಉಪಾಧ್ಯಕ್ಷ ಗ್ಯಾರಿ ಶುಲ್ಟ್ಸ್, ಅಧ್ಯಕ್ಷ ಗ್ರಹಾಂ ಸ್ಪ್ಯಾನಿಯರ್ ತನಕ ಹೋಯಿತು. ಕೊನೆಗೆ ಅವರೆಲ್ಲ ಮಾಡಿದ್ದೇನು? ಇನ್ನು ಮುಂದೆ ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬೇಡ ಎಂದು ಸ್ಯಾಂಡಸ್ಕಿಗೆ ಹೇಳಿದರು, ಅವನದೇ ಸಂಸ್ಥೆಗೆ ಒಂದು ಮಾತು ತಿಳಿಸಿದರು. ಪೊಲೀಸರಿಗಾಗಲೀ ಮಕ್ಕಳ ರಕ್ಷಣಾ ಇಲಾಖೆಗಾಗಲೀ ಹೇಳಲಿಲ್ಲ. ಆ ಹುಡುಗ ಯಾರು ಅಂತ ಹುಡುಕುವ ಪ್ರಯತ್ನವನ್ನೂ ಮಾಡಲಿಲ್ಲ. 2001ರ ನಂತರವೂ ಮಕ್ಕಳು ಅವನ ಕೈಗೆ ಸಿಕ್ಕರು. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಸಿಟ್ಟು ಬರುವುದು ಇಲ್ಲೇ. ಒಂದು ಫೋನ್ ಮಾಡಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು.

2011ರ ನವೆಂಬರ್‌ನಲ್ಲಿ ಸ್ಯಾಂಡಸ್ಕಿಯ ಬಂಧನವಾಯಿತು. ಕೆಲವೇ ದಿನಗಳಲ್ಲಿ ಪಟರ್ನೋ, ಸ್ಪ್ಯಾನಿಯರ್ ಇಬ್ಬರ ಕೆಲಸವೂ ಹೋಯಿತು. ಆ ರಾತ್ರಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು, ಒಂದು ಟಿವಿ ವ್ಯಾನನ್ನು ಉರುಳಿಸಿದರು. ಮಕ್ಕಳಿಗಾಗಿ ಅಲ್ಲ, ಕೋಚನ್ನು ತೆಗೆದರು ಎಂಬ ಕೋಪಕ್ಕೆ. ಇದನ್ನು ನೋಡಿದ ಬೇರೆ ತಂಡಗಳ ಅಭಿಮಾನಿಗಳು, ಈ ಊರಿಗೆ ಫುಟ್‌ಬಾಲ್ ಹುಚ್ಚು ಇಳಿಯುವ ತನಕ ಆಟವನ್ನೇ ನಿಲ್ಲಿಸಿ ಎಂದರು. ಆದರೆ ಅದೇ ಪೆನ್ ಸ್ಟೇಟ್‌ನ ಹಳೆಯ ವಿದ್ಯಾರ್ಥಿಗಳು ಕೆಲವೇ ವಾರಗಳಲ್ಲಿ ದೌರ್ಜನ್ಯಕ್ಕೆ ಒಳಗಾದವರ ನೆರವಿಗೆ ಲಕ್ಷಾಂತರ ಡಾಲರ್ ಕೂಡಿಸಿದ್ದೂ ನಿಜ. ಅಭಿಮಾನಿಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆಟ ನಿಲ್ಲಿಸುವ ಶಿಕ್ಷೆಗೆ ಅಲ್ಲಿ ‘ಡೆತ್ ಪೆನಾಲ್ಟಿ’ ಎನ್ನುತ್ತಾರೆ. 1987ರಲ್ಲಿ ಟೆಕ್ಸಾಸ್‌ನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಗೆ ಇದನ್ನು ಕೊಟ್ಟಿದ್ದರು, ಆಟಗಾರರಿಗೆ ಕದ್ದು ಹಣ ಕೊಡುತ್ತಿದ್ದರು ಎಂಬ ಕಾರಣಕ್ಕೆ. ಆ ತಂಡ ಎರಡು ವರ್ಷ ಆಡಲಿಲ್ಲ. ಆಮೇಲೆ ಮತ್ತೆ ಒಂದು ಬೌಲ್ ಪಂದ್ಯ, ಅಂದರೆ ಋತುವಿನ ಕೊನೆಯಲ್ಲಿ ಒಳ್ಳೆಯ ತಂಡಗಳಿಗೆ ಸಿಗುವ ಗೌರವದ ಪಂದ್ಯ, ಆಡಲು 2009 ಬರಬೇಕಾಯಿತು. ಹಣ ಕೊಟ್ಟಿದ್ದಕ್ಕೇ ಇಷ್ಟಾದರೆ ಮಕ್ಕಳ ವಿಷಯಕ್ಕೆ ಇನ್ನೆಷ್ಟು ಆಗಬೇಕು ಎಂದು ಜನ ಕೇಳಿದ್ದರಲ್ಲಿ ತಪ್ಪಿಲ್ಲ.

2012ರ ಜೂನ್‌ನಲ್ಲಿ ಕೋರ್ಟು 48 ಆರೋಪಗಳಲ್ಲಿ 45ರಲ್ಲಿ ಸ್ಯಾಂಡಸ್ಕಿಯನ್ನು ತಪ್ಪಿತಸ್ಥ ಎಂದಿತು. ಶಿಕ್ಷೆ 30ರಿಂದ 60 ವರ್ಷ ಜೈಲು. ಜುಲೈನಲ್ಲಿ ಎಫ್‌ಬಿಐನ ಮಾಜಿ ಮುಖ್ಯಸ್ಥ ಲೂಯಿಸ್ ಫ್ರೀ ತಮ್ಮ ವರದಿ ಕೊಟ್ಟರು. ಮೇಲಿನವರು ಕೆಟ್ಟ ಹೆಸರು ಬರುವ ಭಯಕ್ಕೆ ವಿಷಯ ಮುಚ್ಚಿಟ್ಟರು ಎಂದಿತ್ತು ವರದಿ. ಪಟರ್ನೋ ಆ ಹೊತ್ತಿಗೆ ತೀರಿಕೊಂಡಿದ್ದರು. ಅವರ ಮನೆಯವರು ವರದಿಯನ್ನು ಇವತ್ತಿಗೂ ಒಪ್ಪಿಲ್ಲ.

ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಜುಲೈ 23ರಂದು ಶಿಕ್ಷೆ ಹೇಳಿತು. ಡೆತ್ ಪೆನಾಲ್ಟಿ ಕೊಡಲಿಲ್ಲ. 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಬೌಲ್ ಪಂದ್ಯ ಇಲ್ಲ, ಹೊಸ ಸ್ಕಾಲರ್‌ಶಿಪ್ ವರ್ಷಕ್ಕೆ 25ರಿಂದ 15ಕ್ಕೆ ಇಳಿಕೆ. ಜೊತೆಗೆ 1998ರಿಂದ 2011ರ ತನಕದ ಎಲ್ಲ ಗೆಲುವುಗಳು ದಾಖಲೆಯಿಂದ ರದ್ದು. ಬೇರೆ ಕಾಲೇಜಿಗೆ ಹೋಗುವ ಆಟಗಾರರು ಒಂದು ವರ್ಷ ಕಾಯದೆ ಆಡಬಹುದು ಎಂದೂ ಹೇಳಿದರು.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಈ ಶಿಕ್ಷೆಗಳೆಲ್ಲ ಒಂದೇ ಬಗೆಯವಲ್ಲ. ಬೌಲ್ ಪಂದ್ಯ ತಪ್ಪಿಸಿದ್ದು, ಸ್ಕಾಲರ್‌ಶಿಪ್ ಕಡಿಮೆ ಮಾಡಿದ್ದು, ಇವೆರಡೂ ನೇರವಾಗಿ ಬಿದ್ದಿದ್ದು ಹತ್ತೊಂಬತ್ತು ಇಪ್ಪತ್ತರ ಹುಡುಗರ ಮೇಲೆ. 2001ರಲ್ಲಿ ಅವರಲ್ಲಿ ಹೆಚ್ಚಿನವರು ಪ್ರೈಮರಿ ಶಾಲೆಯಲ್ಲಿದ್ದರು. ಸ್ಕಾಲರ್‌ಶಿಪ್ ಸಿಗದೇ ಹೋದ ಯಾವುದೋ ಹುಡುಗನ ಹೆಸರು ಎಲ್ಲೂ ಬರುವುದೂ ಇಲ್ಲ. ಇದು ಅನ್ಯಾಯ ಅಂತಲೇ ನಾನು ಹೇಳುತ್ತೇನೆ.

ಗೆಲುವು ರದ್ದು ಮಾಡಿದ್ದಂತೂ ಯಾರಿಗೂ ಉಪಯೋಗವಾಗಲಿಲ್ಲ. ಪಟರ್ನೋ ಗೆಲುವು 409ರಿಂದ 298ಕ್ಕೆ ಇಳಿಯಿತು. ಆಮೇಲೆ ಏನಾಯಿತು ಗೊತ್ತಾ? ಜಗಳ ಪೂರ್ತಿ ಆ ಸಂಖ್ಯೆಯ ಸುತ್ತ ತಿರುಗಿತು. ಸ್ಟೇಡಿಯಂ ಹೊರಗಿನ ಪ್ರತಿಮೆಯನ್ನು ಯೂನಿವರ್ಸಿಟಿಯೇ ಹಿಂದಿನ ದಿನ ತೆಗೆಸಿತ್ತು, ಅದು ಇನ್ನೊಂದು ಜಗಳ. 409 ಎನ್ನುವುದು ಅಭಿಮಾನಿಗಳಿಗೆ ಘೋಷಣೆಯೇ ಆಗಿಬಿಟ್ಟಿತು. ಮಕ್ಕಳ ಮಾತು ಹಿಂದೆ ಸರಿದು ಕೋಚ್‌ನ ಮರ್ಯಾದೆಯ ಮಾತು ಮುಂದೆ ಬಂತು. ದೌರ್ಜನ್ಯ ಅನುಭವಿಸಿದವರ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಕೆಟ್ಟ ಫಲ ಇನ್ನೇನಿದೆ?

ದಂಡದ ವಿಷಯ ಬೇರೆ. 6 ಕೋಟಿ ಡಾಲರ್ ಅಂದರೆ ಫುಟ್‌ಬಾಲ್‌ನಿಂದ ಸುಮಾರು ಒಂದು ವರ್ಷಕ್ಕೆ ಬರುತ್ತಿದ್ದ ಆದಾಯ. ಆ ಆಟದ ಹಣ, ಹೆಸರು ಕಾಪಾಡಬೇಕೆಂದೇ ಅಲ್ವಾ ಮೇಲಿನವರು ಸುಮ್ಮನಿದ್ದದ್ದು? ಹಾಗಾಗಿ ಆ ಹಣವನ್ನು ತೆಗೆದು ಮಕ್ಕಳ ಮೇಲಿನ ದೌರ್ಜನ್ಯ ತಡೆಯುವ ಕೆಲಸಕ್ಕೆ ಹಾಕಿದ್ದು ಸರಿಯಾದ ಶಿಕ್ಷೆ. ಫುಟ್‌ಬಾಲನ್ನು ಮುಟ್ಟಬೇಕಿತ್ತು ಎಂದು ನಾನು ಹೇಳಿದ್ದು ಈ ಅರ್ಥದಲ್ಲಿ.

ಆದರೆ ಎನ್‌ಸಿಎಎ ಇದನ್ನು ಮಾಡಿದ ರೀತಿ ಚೆನ್ನಾಗಿರಲಿಲ್ಲ. ತಾನೇ ತನಿಖೆ ಮಾಡದೆ ಫ್ರೀ ವರದಿಯನ್ನು ಹಿಡಿದುಕೊಂಡು ಹತ್ತೇ ದಿನದ ಆಸುಪಾಸಿನಲ್ಲಿ ಶಿಕ್ಷೆ ಹೇಳಿಬಿಟ್ಟಿತು. ದಂಡದ ಹಣ ಪೆನ್ಸಿಲ್ವೇನಿಯಾದಲ್ಲೇ ಖರ್ಚಾಗಬೇಕು ಎಂದು ಅಲ್ಲಿನ ಸೆನೆಟರ್ ಜೇಕ್ ಕಾರ್ಮನ್ ಕೋರ್ಟಿಗೆ ಹೋದರು. ಆ ಕೇಸಿನಲ್ಲಿ ಎನ್‌ಸಿಎಎ ಒಳಗಿನ ಇಮೇಲ್‌ಗಳು ಹೊರಬಂದವು. ಇಂಥ ಪ್ರಕರಣ ತಮ್ಮ ಅಧಿಕಾರಕ್ಕೆ ಬರುತ್ತದೋ ಇಲ್ಲವೋ ಎಂದು ಅಲ್ಲಿನವರಿಗೇ ಅನುಮಾನ ಇತ್ತು ಅಂತ ಗೊತ್ತಾಯಿತು. 2014ರಲ್ಲಿ ಬೌಲ್ ನಿಷೇಧ ತೆಗೆದರು. 2015ರ ಜನವರಿಯಲ್ಲಿ ಗೆಲುವುಗಳೂ ವಾಪಸ್ ಬಂದವು. 6 ಕೋಟಿ ಮಾತ್ರ ಉಳಿಯಿತು, ರಾಜ್ಯದ ಒಳಗೇ. ಉಳಿಯಬೇಕಾದದ್ದೇ ಉಳಿಯಿತು.

ಮುಚ್ಚಿಟ್ಟವರಿಗೆ ಏನಾಯಿತು ಎನ್ನುವುದು ಇದಕ್ಕಿಂತ ಮುಖ್ಯ. ಕರ್ಲಿ, ಶುಲ್ಟ್ಸ್ 2017ರಲ್ಲಿ ಮಕ್ಕಳನ್ನು ಅಪಾಯಕ್ಕೆ ದೂಡಿದ ತಪ್ಪನ್ನು ಕೋರ್ಟಿನಲ್ಲಿ ಒಪ್ಪಿಕೊಂಡರು. ಸ್ಪ್ಯಾನಿಯರ್ ಒಪ್ಪಲಿಲ್ಲ. ಅವರ ಮೇಲೆ ತೀರ್ಪು ಬಂತು, ಮೇಲ್ಮನವಿಗಳೆಲ್ಲ ಮುಗಿದು 2021ರಲ್ಲಿ ಸುಮಾರು ಎರಡು ತಿಂಗಳು ಜೈಲಿನಲ್ಲಿದ್ದರು. ಎರಡೇ ತಿಂಗಳು, ಅದೂ ಇಪ್ಪತ್ತು ವರ್ಷದ ನಂತರ. ಯೂನಿವರ್ಸಿಟಿ ಸಂತ್ರಸ್ತರಿಗೆ ಒಟ್ಟು 10 ಕೋಟಿ ಡಾಲರ್‌ಗೂ ಜಾಸ್ತಿ ಪರಿಹಾರ ಕೊಟ್ಟಿತು. ಕ್ಯಾಂಪಸ್ ಸುರಕ್ಷತೆಯ ಕಾನೂನು ಮುರಿದಿದ್ದಕ್ಕೆ ಅಮೆರಿಕದ ಶಿಕ್ಷಣ ಇಲಾಖೆ 2016ರಲ್ಲಿ ಸುಮಾರು 24 ಲಕ್ಷ ಡಾಲರ್ ದಂಡ ಹಾಕಿತು.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಪೆನ್ಸಿಲ್ವೇನಿಯಾದ ಕಾನೂನಿನಲ್ಲಿ ಆಯಿತು. ಮೊದಲು ಅಲ್ಲಿ ಇಂಥ ಸಂಗತಿ ತಿಳಿದ ಸಿಬ್ಬಂದಿ ತಮ್ಮ ಮೇಲಧಿಕಾರಿಗೆ ಹೇಳಿದರೆ ಸಾಕಿತ್ತು. 2001ರಲ್ಲಿ ವಿಷಯ ಒಬ್ಬರಿಂದ ಒಬ್ಬರಿಗೆ ಮೇಲೆ ಹೋಗಿ ಅಲ್ಲೇ ನಿಂತುಹೋದದ್ದು ಹೀಗೇ. 2014ರಲ್ಲಿ ಬಂದ ತಿದ್ದುಪಡಿಗಳ ಪ್ರಕಾರ, ವರದಿ ಮಾಡುವ ಹೊಣೆ ಇರುವವರು ನೇರವಾಗಿ ಸರ್ಕಾರಕ್ಕೇ ತಿಳಿಸಬೇಕು. ಸಾಹೇಬರಿಗೆ ಹೇಳಿದ್ದೆ ಎಂದು ಕೈ ತೊಳೆದುಕೊಳ್ಳಲು ಆಗದು.

ಮುಂದೆ ಇಂಥದ್ದು ನಡೆದರೆ ತಂಡಕ್ಕೆ ಮತ್ತೆ ಶಿಕ್ಷೆ ಆಗುತ್ತಾ ಎಂದೂ ಕೆಲವರು ಕೇಳುತ್ತಾರೆ. ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ವೈದ್ಯ ಲ್ಯಾರಿ ನಾಸರ್ ನೂರಾರು ಹುಡುಗಿಯರ ಮೇಲೆ ದೌರ್ಜನ್ಯ ನಡೆಸಿದ್ದು ಬಯಲಾದಾಗ ಉತ್ತರ ಸಿಕ್ಕಿತು. 2018ರಲ್ಲಿ ಎನ್‌ಸಿಎಎ ತನ್ನ ನಿಯಮ ಯಾವುದೂ ಮುರಿದಿಲ್ಲ ಎಂದು ಹೇಳಿ ಬದಿಗೆ ಸರಿಯಿತು. ಅಲ್ಲಿ ಯಾವ ತಂಡದ ಗೆಲುವೂ ಅಳಿಯಲಿಲ್ಲ. ಯೂನಿವರ್ಸಿಟಿ ಮಾತ್ರ ಸಂತ್ರಸ್ತರಿಗೆ 50 ಕೋಟಿ ಡಾಲರ್ ಕೊಡಲು ಒಪ್ಪಬೇಕಾಯಿತು, ಆ ಹೆಣ್ಣುಮಕ್ಕಳು ಕೋರ್ಟಿನಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಮಾತಾಡಿದ್ದರಿಂದ.