ವಿಶ್ವ ಕರ್ಲಿಂಗ್‌ನಲ್ಲಿ ಬ್ರಷ್ ತಗಾದೆ ಮುಗಿಯುವುದಿಲ್ಲವೇಕೆ?

ಪ್ರತಿವರ್ಷ ಯುಗಾದಿಯ ಆಸುಪಾಸಿನಲ್ಲಿ ಮಹಿಳೆಯರ ಮತ್ತು ಪುರುಷರ ವಿಶ್ವ ಕರ್ಲಿಂಗ್ ಚಾಂಪಿಯನ್‌ಷಿಪ್‌ಗಳು ನಡೆಯುತ್ತವೆ. ಐಸ್ ಮೇಲೆ ಕಲ್ಲನ್ನು ಜಾರಿಸಿ ದೂರದ ವೃತ್ತದ ಗುರಿಗೆ ಮುಟ್ಟಿಸುವ ಆಟ ಇದು. ಕಲ್ಲು ಸಾಗುವಾಗ ಜೊತೆಗಾರರು ಅದರ ಮುಂದಿನ ಐಸನ್ನು ಬ್ರಷ್‌ನಿಂದ ಉಜ್ಜುತ್ತಾರೆ. ಡೊಂಬಿವಲಿಯಲ್ಲೋ ಪುಣೆಯಲ್ಲೋ ಕೂತು ಮೊಬೈಲಿನಲ್ಲಿ ಇವನ್ನು ನೋಡುವ ಕನ್ನಡಿಗರಿಗೆ ಒಂದು ಸಂಗತಿ ತಲೆಗೆ ಹತ್ತುವುದಿಲ್ಲ: ಒಂದು ಬ್ರಷ್‌ಗೆ ಇಷ್ಟೊಂದು ನಿಯಮ ಏಕೆ? ಕೇರಂನಲ್ಲಿ ಪೌಡರ್ ಉದುರಿಸುವುದು ಹೊಡೆಯುವ ಮುಂಚೆ. ಸ್ಟ್ರೈಕರ್ ಬಿಟ್ಟ ಮೇಲೆ ಬೋರ್ಡಿಗೆ ಯಾರೂ ಕೈ ಹಾಕುವಂತಿಲ್ಲ. ಕರ್ಲಿಂಗ್‌ನಲ್ಲಿ ಓಡುವ ಕಲ್ಲಿನ ಮುಂದೆಯೇ ಐಸನ್ನು ಬದಲಾಯಿಸಬಹುದು. ಎಷ್ಟು ಬದಲಾಯಿಸಬಹುದು ಎನ್ನುವುದೇ ತಗಾದೆ.

ಆಟದ ಐಸ್ ನುಣುಪಾಗಿರುವುದಿಲ್ಲ. ನೀರಿನ ಹನಿ ಸಿಂಪಡಿಸಿ ಅದರ ಮೇಲೆ ಪೆಬ್ಬಲ್ ಎನ್ನುವ ಪುಟ್ಟ ಉಬ್ಬುಗಳನ್ನು ಎಬ್ಬಿಸಿರುತ್ತಾರೆ. 17ರಿಂದ 20 ಕಿಲೋ ತೂಗುವ ಗ್ರಾನೈಟ್ ಕಲ್ಲು ತಳದ ಕಿರಿದಾದ ಉಂಗುರವೊಂದರ ಮೇಲೆ ಮಾತ್ರ ಆ ಉಬ್ಬುಗಳನ್ನು ಸವರುತ್ತ ಸಾಗುತ್ತದೆ. ಹಿಡಿಯನ್ನು ಮೆಲ್ಲಗೆ ತಿರುಗಿಸಿ ಬಿಟ್ಟರೆ ಕೊನೆಯಲ್ಲಿ ಮೀಟರಿನಷ್ಟು ಬಾಗುತ್ತದೆ. ಮುಂದೆ ಉಜ್ಜಿದರೆ ಐಸಿನ ಮೇಲ್ಪದರ ಕೊಂಚ ಬೆಚ್ಚಗಾಗಿ ಘರ್ಷಣೆ ಇಳಿಯುತ್ತದೆ. ಆಗ ಕಲ್ಲು ಇನ್ನೂ ಮೂರ್ನಾಲ್ಕು ಮೀಟರ್ ಹೋಗುತ್ತದೆ, ಬಾಗುವುದೂ ತಗ್ಗುತ್ತದೆ.

1959ರಲ್ಲಿ ಸ್ಕಾಟ್ಲೆಂಡ್ ಮತ್ತು ಕೆನಡಾ ನಡುವಿನ ಪುರುಷರ ಸ್ಕಾಚ್ ಕಪ್‌ನಿಂದ ವಿಶ್ವ ಮಟ್ಟದ ಕರ್ಲಿಂಗ್ ಶುರುವಾಗಿ, 1979ರಲ್ಲಿ ಮಹಿಳೆಯರ ಚಾಂಪಿಯನ್‌ಷಿಪ್ ಸೇರಿ, 1998ರಲ್ಲಿ ನಗಾನೊ ಒಲಿಂಪಿಕ್ಸ್‌ನ ಪದಕದ ಆಟವಾಗುವ ಹೊತ್ತಿಗೆ ಕೆನಡಾದ ಉದ್ದ ಹುಲ್ಲಿನ ಪೊರಕೆ ಮರೆಯಾಗಿ ಎಲ್ಲರ ಕೈಗೂ ಬ್ರಷ್ ಬಂದಿತ್ತು. ಕ್ರಮೇಣ ಅದರ ಕೂದಲಿನ ಜಾಗಕ್ಕೆ ಫೋಮ್ ಮೇಲೆ ಬಿಗಿದ ಬಟ್ಟೆ ಬಂತು.

ನಿಜವಾದ ಬಿಕ್ಕಟ್ಟು 2015ರ ಶರತ್ಕಾಲದ್ದು. ಆಗ ಬಳಕೆಗೆ ಬಂದ ಕೆಲವು ಒರಟು ಬಟ್ಟೆಗಳು ಐಸನ್ನು ಬೆಚ್ಚಗೆ ಮಾಡುವುದಕ್ಕಿಂತ ಹೆಚ್ಚಾಗಿ ಗೀರುತ್ತಿದ್ದವು. ಓರೆಯಾಗಿ ಒಂದೇ ದಿಕ್ಕಿಗೆ ಉಜ್ಜಿದರೆ ಗೀರುಗಳೂ ಓರೆಯಾಗಿ ಬೀಳುತ್ತವೆ, ಕಲ್ಲಿನ ತಳ ಅವುಗಳ ಜಾಡು ಹಿಡಿಯುತ್ತದೆ. ಕಲ್ಲು ಬಾಗುವುದೇ ತನ್ನ ತಳದ ಮುಂಭಾಗ ಮೂಡಿಸಿದ ಗೀರುಗಳಿಂದ ಎಂಬ ವಾದವನ್ನು 2013ರಲ್ಲಿ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಸಂಶೋಧಕರು ಮುಂದಿಟ್ಟಿದ್ದರು. ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ, ಆದರೆ ಆಟಗಾರರು ಅಂಗಳದಲ್ಲಿ ಕಂಡದ್ದು ಇದನ್ನೇ. ಇಬ್ಬರು ಉಜ್ಜುವ ಬದಲು ಒಬ್ಬರೇ ಉಜ್ಜತೊಡಗಿದರು. ಎರಡನೆಯ ಬ್ರಷ್ ಓಡಾಡಿದರೆ ಮೊದಲನೆಯದರ ಗೀರು ಅಳಿಸಿಹೋಗುತ್ತದಲ್ಲ! ಗುರಿ ತಪ್ಪಿ ಬಿಟ್ಟ ಕಲ್ಲನ್ನೂ ದಾರಿಗೆ ತರಬಹುದು ಎಂದಾದಾಗ, ಕೈಚಳಕಕ್ಕೇನು ಬೆಲೆ? ಅಗ್ರ ತಂಡಗಳೇ ಮುಂದೆ ಬಂದು ಅಂಥ ಬ್ರಷ್ ಬೇಡ ಎಂದವು. 2016ರ ಮೇ ತಿಂಗಳಲ್ಲಿ ಕೆನಡಾದ ಕೆಂಪ್ಟ್‌ವಿಲ್‌ನಲ್ಲಿ ಆಟಗಾರರು, ತಯಾರಕರು, ವಿಜ್ಞಾನಿಗಳು ಸೇರಿ ಬಟ್ಟೆಗಳನ್ನು ಪರೀಕ್ಷಿಸಿದರು. ಎಲ್ಲ ಕಂಪನಿಗಳೂ ಒಂದೇ ಬಗೆಯ ಸಾಸಿವೆ ಬಣ್ಣದ ನೈಲಾನ್ ಬಟ್ಟೆ ಬಳಸಬೇಕೆಂದು ಆ ವರ್ಷವೇ ನಿಗದಿಯಾಯಿತು.

ಬಟ್ಟೆಯೇನೋ ಒಂದಾಯಿತು, ಅದರ ಅಡಿಯ ಫೋಮ್ ಹಾಗೇ ಉಳಿಯಿತು. ಫೋಮ್ ಮೆತ್ತಗಿದ್ದರೆ ಒತ್ತಡ ಹರಡುತ್ತದೆ. ಗಡಸಾಗಿದ್ದರೆ ಅದೇ ಬಟ್ಟೆ ಪೆಬ್ಬಲ್‌ನ ನೆತ್ತಿಯನ್ನು ಬಲವಾಗಿ ಕೆರೆಯುತ್ತದೆ. 2024–25ರ ಋತುವಿನಲ್ಲಿ ಗಡಸು ಫೋಮ್ ಹಳೆಯ ಜಗಳವನ್ನೇ ಮರಳಿ ತಂದಿತು, ಮತ್ತೆ ನಿರ್ಬಂಧಗಳು ಬಂದವು. ಬ್ರಷ್‌ನ ಒಂದೊಂದೇ ಭಾಗಕ್ಕೆ ಬೇಲಿ ಹಾಕುತ್ತ ಹೋದರೆ ಮುಂದಿನ ಸುಧಾರಣೆ ಇನ್ನೊಂದು ಭಾಗದಲ್ಲಿ ಆಗುತ್ತದೆ, ಅದು ಯಾರ ದುರುದ್ದೇಶವೂ ಅಲ್ಲ. ಬ್ರಷ್ ಐಸಿನ ಮೇಲೆ ಮಾಡುವ ಪರಿಣಾಮವನ್ನೇ ಅಳೆದು ಅದಕ್ಕೊಂದು ಮಿತಿ ಇಡುವುದು ಹೆಚ್ಚು ನ್ಯಾಯ.

ಹಾಗೆ ಅಳೆಯುವುದು ಸುಲಭವಲ್ಲ, ಇದನ್ನು ಮುಂಬಯಿಯ ಹವೆ ಬಲ್ಲವರಿಗೆ ಹೇಳಬೇಕಾಗಿಲ್ಲ. ತೇವದ ಗಾಳಿ ಒಳಗೆ ನುಗ್ಗಿದರೆ ಪೆಬ್ಬಲ್ ಮೇಲೆ ಹಿಮದ ಪುಡಿ ಕೂರುತ್ತದೆ, ಕಲ್ಲು ನಿಧಾನವಾಗುತ್ತದೆ. ಆಗ ಎಂಥ ಬ್ರಷ್ ಆಡಿಸಿದರೂ ಪುಡಿ ಸರಿದು ಕಲ್ಲು ದೂರ ಹೋಗುತ್ತದೆ, ಒರಟು ಯಾವುದು ಮೆತ್ತನೆಯದು ಯಾವುದು ತಿಳಿಯುವುದಿಲ್ಲ. ಪರೀಕ್ಷೆಗೆ ಒಣ ಗಾಳಿ, ಒಂದೇ ತಾಪಮಾನದ ಐಸ್, ಪ್ರತಿ ಸಲವೂ ಹೊಸ ಪೆಬ್ಬಲ್ ಬೇಕು. ಕರಾವಳಿಯ ಊರಿನಲ್ಲಿ ಕರ್ಲಿಂಗ್ ಅಂಗಳ ಕಟ್ಟಲು ಹೊರಟವರು ಬ್ರಷ್‌ಗಿಂತ ಮೊದಲು ಹಣ ತೆಗೆದಿಡಬೇಕಾದದ್ದು ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಯಂತ್ರಕ್ಕೆ.