ನೂರು ಮೈಲಿ ವೇಗದ ತೋಳು ಬುಲ್‌ಪೆನ್‌ಗೆ ಬಂದ ಬಗೆ

1958ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡ ಬಾಲ್ಟಿಮೋರ್ ಓರಿಯೋಲ್ಸ್, ಮೇಜರ್ ಲೀಗ್‌ಗೆ ಆಟಗಾರರನ್ನು ಬೆಳೆಸುವ ತನ್ನ ಮೈನರ್ ಲೀಗ್‌ನ ಎಡಗೈ ಪಿಚರ್ ಒಬ್ಬರನ್ನು ಮೇರಿಲ್ಯಾಂಡ್‌ನ ಅಬರ್ಡೀನ್ ಸೇನಾ ಪರೀಕ್ಷಾ ಕೇಂದ್ರಕ್ಕೆ ಕಳಿಸಿತು. ಹೆಸರು ಸ್ಟೀವ್ ಡಾಲ್ಕೌಸ್ಕಿ. ಅವರ ಎಸೆತದ ವೇಗವನ್ನು ಅಲ್ಲಿನ ಯಂತ್ರದಲ್ಲಿ ಅಳೆಯಬೇಕಿತ್ತು. ಹಿಂದಿನ ದಿನವಷ್ಟೇ ಪಂದ್ಯ ಆಡಿ ಬಂದಿದ್ದರು, ನಿಂತು ಎಸೆಯಲು ಮಣ್ಣಿನ ದಿಬ್ಬವೂ ಇರಲಿಲ್ಲ. ಯಂತ್ರದ ಅಳತೆಗೆ ಸಿಗುವಂತೆ ಚೆಂಡು ತೂರಿಸುವುದಕ್ಕೇ ಸುಮಾರು 40 ನಿಮಿಷ ಹಿಡಿಯಿತು. ಕೊನೆಗೆ ದಾಖಲಾದದ್ದು ಗಂಟೆಗೆ 93.5 ಮೈಲಿ, ಅಂದರೆ 150 ಕಿ.ಮೀ. ಸರಿಯಾದ ದಿಬ್ಬದ ಮೇಲೆ, ದಣಿವಿಲ್ಲದ ದಿನ, ಅವರ ವೇಗ ಇದಕ್ಕಿಂತ ಎಷ್ಟೋ ಹೆಚ್ಚು ಎಂದು ಎದುರು ನಿಂತು ಆಡಿದವರೆಲ್ಲ ಹೇಳುತ್ತಿದ್ದರು.

ವೇಗದ ಪಿಚರ್‌ಗಳನ್ನು ಬೆಳೆಸುವ ಪ್ರತಿ ತಂಡ ಇವತ್ತಿಗೂ ಒದ್ದಾಡುವುದು ಆ 40 ನಿಮಿಷದ ಸಮಸ್ಯೆಯ ಜೊತೆಗೇ, ಅಂದರೆ ಹತೋಟಿಯ ಜೊತೆಗೇ. 1960ರಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ತಂಡಕ್ಕೆ 170 ಇನ್ನಿಂಗ್ಸ್ ಎಸೆದ ಡಾಲ್ಕೌಸ್ಕಿ 262 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್‌ಗೆ ಔಟ್, ಮಾಡಿದರು. ವಾಕ್ ಕೊಟ್ಟದ್ದೂ 262. ನಾಲ್ಕು ಎಸೆತ ಗುರಿ ತಪ್ಪಿದರೆ ಬ್ಯಾಟರ್ ಬ್ಯಾಟ್ ಬೀಸದೆಯೇ ಮೊದಲ ಬೇಸ್‌ಗೆ ನಡೆದು ಹೋಗುತ್ತಾನೆ, ಅದೇ ವಾಕ್. 1962ರಲ್ಲಿ ಎಲ್ಮೈರಾ ತಂಡದಲ್ಲಿ ತರಬೇತುದಾರ ಅರ್ಲ್ ವೀವರ್ ಅವರ ಕೈಗೆ ಸಿಕ್ಕ ಮೇಲೆ ಹತೋಟಿ ಬರತೊಡಗಿತು. ವೀವರ್ ಮಾಡಿದ್ದು ಸರಳ: ಫಾಸ್ಟ್‌ಬಾಲ್ ಮತ್ತು ಸ್ಲೈಡರ್ (ಪಕ್ಕಕ್ಕೆ ಸರಿಯುವ ಎಸೆತ) ಎರಡನ್ನೇ ಎಸೆಯಿರಿ, ಮೂಲೆ ಹುಡುಕಬೇಡಿ, ಬ್ಯಾಟರ್ ಪಕ್ಕದ ಪ್ಲೇಟಿನ ಮೇಲೆ ನೇರ ಹಾಕಿ. ಮರುವರ್ಷ ಮಾರ್ಚ್‌ನ ಅಭ್ಯಾಸ ಪಂದ್ಯದಲ್ಲಿ ಮೊಣಕೈ ಕೈಕೊಟ್ಟಿತು. ಆಗ ಅವರಿಗೆ 23. ಮೇಜರ್ ಲೀಗ್‌ನಲ್ಲಿ ಒಂದು ಎಸೆತವನ್ನೂ ಎಸೆಯದೆ ಡಾಲ್ಕೌಸ್ಕಿ ಆಟ ಮುಗಿಸಿದರು.

ಅವರನ್ನು ಹೆಚ್ಚಾಗಿ ಆಡಿಸಿದ್ದು ಪಂದ್ಯ ಆರಂಭಿಸುವ ಸ್ಟಾರ್ಟರ್ ಆಗಿ. ಪಂದ್ಯದ ನಡುವೆ ಇಳಿಯುವ ರಿಲೀಫ್ ಪಿಚರ್‌ಗಳು ಕಾಯುವ ಬುಲ್‌ಪೆನ್ ಎಂದರೆ ಆ ಕಾಲದಲ್ಲಿ ಸ್ಟಾರ್ಟರ್ ಆಗಲು ಸಾಲದವರು ಕೂರುವ ಜಾಗ. ಗೆಲುವು ಕಾಪಾಡಿದ ರಿಲೀಫ್ ಪಿಚರ್‌ಗೆ ಸಲ್ಲುವ ‘ಸೇವ್’ ಅಧಿಕೃತ ಅಂಕಿಯಾದದ್ದು 1969ರಲ್ಲಿ. 1980ರ ದಶಕದ ಕೊನೆಗೆ ಓಕ್‌ಲ್ಯಾಂಡ್‌ನಲ್ಲಿ ತರಬೇತುದಾರ ಟೋನಿ ಲಾ ರುಸಾ, ಹಳೆಯ ಸ್ಟಾರ್ಟರ್ ಡೆನಿಸ್ ಎಕರ್ಸ್‌ಲೀ ಅವರನ್ನು ಕೊನೆಯ ಒಂದು ಇನ್ನಿಂಗ್ಸ್‌ಗೇ ಮೀಸಲಿಟ್ಟ ಮೇಲೆ ಆ ಕೆಲಸಕ್ಕೊಂದು ಗೌರವ ಬಂತು. ಅಲ್ಲಿಂದ ಮೈನರ್ ಲೀಗ್‌ನ ಲೆಕ್ಕಾಚಾರವೂ ಬದಲಾಯಿತು.

ಆ ಲೆಕ್ಕ ಹೀಗಿದೆ. ಸ್ಟಾರ್ಟರ್ ಐದು ದಿನಕ್ಕೊಮ್ಮೆ 90–100 ಎಸೆತ ಎಸೆಯಬೇಕು, ಅದೇ ಒಂಬತ್ತು ಬ್ಯಾಟರ್‌ಗಳನ್ನು ಎರಡು ಮೂರು ಸಲ ಎದುರಿಸಬೇಕು. ಎರಡನೇ ಸಲಕ್ಕೆ ಬ್ಯಾಟರ್ ವೇಗಕ್ಕೆ ಹೊಂದಿಕೊಳ್ಳುತ್ತಾನೆ, ಆದ್ದರಿಂದ ಚೇಂಜ್‌ಅಪ್‌ನಂಥ (ಅದೇ ಬೀಸಿನಲ್ಲಿ ನಿಧಾನವಾಗಿ ಬರುವ ಎಸೆತ) ಮೂರನೆಯ ಅಸ್ತ್ರ ಬೇಕೇ ಬೇಕು. ರಿಲೀಫ್ ಪಿಚರ್‌ಗೆ 15–20 ಎಸೆತದ ಕೆಲಸ. ಶಕ್ತಿ ಉಳಿಸಿಕೊಳ್ಳುವ ಅಗತ್ಯವಿಲ್ಲದ ಕಾರಣ ವೇಗ ಒಂದೆರಡು ಮೈಲಿ ಏರುತ್ತದೆ. ಎರಡೇ ಬಗೆಯ ಎಸೆತ ಗೊತ್ತಿದ್ದರೂ ನಡೆಯುತ್ತದೆ. ಹೀಗಾಗಿ ಚೇಂಜ್‌ಅಪ್ ಕೈಹತ್ತದ ವೇಗದ ಹುಡುಗನನ್ನು ಮೇಜರ್ ಲೀಗ್‌ಗೆ ಎರಡು ಮೆಟ್ಟಿಲು ಕೆಳಗಿನ ಡಬಲ್-ಎ ಹಂತದಲ್ಲೇ ಬುಲ್‌ಪೆನ್‌ಗೆ ಕಳಿಸುವುದು ಈಗ ರೂಢಿ. ಸಿಯಾಟಲ್ ಮ್ಯಾರಿನರ್ಸ್ 2016ರ ಬೇಸಿಗೆ ಹೊತ್ತಿಗೆ ಎಡ್ವಿನ್ ಡಿಯಾಜ್ ಅವರಿಗೆ ಮಾಡಿದ್ದು ಇದನ್ನೇ. ಡಬಲ್-ಎ ತಂಡ ಜಾಕ್ಸನ್‌ನಲ್ಲಿ ಸ್ಟಾರ್ಟರ್ ಆಗಿದ್ದವರು ಕೆಲವೇ ವಾರ ಬುಲ್‌ಪೆನ್‌ನಲ್ಲಿದ್ದು ಜೂನ್ 6ಕ್ಕೆ ಮೇಜರ್ ಲೀಗ್ ಮುಟ್ಟಿದರು. 2018ರಲ್ಲಿ 57 ಸೇವ್ ಗಳಿಸಿದರು. ಆಗ ಡಾಡ್ಜರ್ಸ್ ತಂಡದಲ್ಲಿದ್ದ ಕೆನ್ಲಿ ಜಾನ್ಸನ್ ಅವರದು ಇನ್ನೂ ವಿಚಿತ್ರ: 2009ರವರೆಗೆ ಅವರು ಪ್ಲೇಟಿನ ಹಿಂದೆ ಚೆಂಡು ಹಿಡಿಯುವ ಕ್ಯಾಚರ್. ಬ್ಯಾಟಿಂಗ್ ಕೈಹಿಡಿಯಲಿಲ್ಲ, ತೋಳು ಮಾತ್ರ ಬಲವಾಗಿತ್ತು. ಪಿಚರ್ ಆಗಿ ಬದಲಾದ ಮರುವರ್ಷ ಜುಲೈನಲ್ಲೇ ಮೇಜರ್ ಲೀಗ್‌ಗೆ ಬಂದರು.

ಹತೋಟಿ ಏಕೆ ಇಷ್ಟು ಕಷ್ಟ? ಪಿಚರ್ ಚೆಂಡು ಬಿಡುವ ಜಾಗದಿಂದ ಪ್ಲೇಟಿಗೆ ಸುಮಾರು 16.8 ಮೀಟರ್. ಬಿಡುವ ಕೋನ ಒಂದೇ ಒಂದು ಡಿಗ್ರಿ ತಪ್ಪಿದರೆ ಅಷ್ಟು ದೂರದಲ್ಲಿ ಚೆಂಡು 29 ಸೆಂ.ಮೀ. ಆಚೆ ಹೋಗುತ್ತದೆ. ಪ್ಲೇಟಿನ ಅಗಲವೇ 43 ಸೆಂ.ಮೀ.; ನಡುವಿಗೆ ಗುರಿಯಿಟ್ಟರೂ ಒಂದು ಡಿಗ್ರಿಗೆ ಚೆಂಡು ಅಂಚು ದಾಟುತ್ತದೆ. ತರಬೇತುದಾರರು ಅದಕ್ಕೇ ಮೊದಲು ಕೈಯನ್ನಲ್ಲ, ಕಾಲನ್ನು ನೋಡುತ್ತಾರೆ. ಮುಂದಿನ ಪಾದ ಪ್ರತಿ ಸಲ ಒಂದೇ ಗುರುತಿನ ಮೇಲೆ ಬೀಳುತ್ತಿದೆಯೇ, ಪಾದ ಊರುವ ಮೊದಲೇ ಎದೆ ಬ್ಯಾಟರ್ ಕಡೆ ತಿರುಗಿಬಿಡುತ್ತಿದೆಯೇ ಎಂದು. ಎದೆ ಬೇಗ ತಿರುಗಿದರೆ ತೋಳು ಹಿಂದುಳಿಯುತ್ತದೆ, ಚೆಂಡು ಮೇಲಕ್ಕೂ ಹೊರಕ್ಕೂ ಸಿಡಿಯುತ್ತದೆ, ಮೊಣಕೈಗೂ ಪೆಟ್ಟು. ಹತೋಟಿ ತಡವಾಗಿ ಬರುತ್ತದೆ, ಆದರೆ ಬಂದೇ ಬಾರದು ಎಂದೇನಿಲ್ಲ. ಅಟ್ಲಾಂಟಾದ ಕ್ರೇಗ್ ಕಿಂಬ್ರೆಲ್ 2010ರಲ್ಲಿ ಮೊದಲ ಬಾರಿ ಮೇಜರ್ ಲೀಗ್‌ನಲ್ಲಿ ಎಸೆದ 20 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 40 ಸ್ಟ್ರೈಕ್‌ಔಟ್, 16 ವಾಕ್. ಎರಡೇ ವರ್ಷದ ನಂತರ 62 ಚಿಲ್ಲರೆ ಇನ್ನಿಂಗ್ಸ್‌ನಲ್ಲಿ 116 ಸ್ಟ್ರೈಕ್‌ಔಟ್, ವಾಕ್ ಬರೀ 14. ಅಂಥವರನ್ನು 22–23ನೇ ವಯಸ್ಸಿಗೇ ಕೈಬಿಡುವ ತಂಡ ಅವಸರ ಮಾಡುತ್ತಿದೆ ಎಂದೇ ನಮ್ಮ ಅಭಿಪ್ರಾಯ.

ವೇಗದ ತೋಳು ಹುಡುಕುವ ಪ್ರಯೋಗ ಭಾರತದಲ್ಲೂ ನಡೆದಿತ್ತು. 2008ರ ಸ್ಪರ್ಧೆಯೊಂದರಲ್ಲಿ ಮೊದಲ ಎರಡು ಸ್ಥಾನ ಪಡೆದ ಜಾವೆಲಿನ್ ಪಟುಗಳಾದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಅವರನ್ನು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿಸಿಕೊಂಡಿತು. ಅದುವರೆಗೆ ಬೇಸ್‌ಬಾಲ್ ಆಡಿಯೇ ಇರದವರು ಮೈನರ್ ಲೀಗ್‌ನ ಕೆಳ ಹಂತದವರೆಗೆ ಹೋದದ್ದೇ ದೊಡ್ಡದು. ಮೇಜರ್ ಲೀಗ್ ಇಬ್ಬರಿಗೂ ಸಿಗಲಿಲ್ಲ.

ಕಳೆದ ಹದಿನೈದು ವರ್ಷಗಳಲ್ಲಿ ಆದ ದೊಡ್ಡ ಬದಲಾವಣೆ ಎಂದರೆ, ವೇಗವನ್ನು ಹುಡುಕುವುದರ ಜೊತೆಗೆ ಬೆಳೆಸುವುದನ್ನೂ ತಂಡಗಳು ಕಲಿತವು. ಮಾಮೂಲಿ 142 ಗ್ರಾಂ ಚೆಂಡಿನ ಬದಲು ಹಗುರವಾದವು, ಭಾರವಾದವು ಕೊಟ್ಟು ಎಸೆಸುತ್ತಾರೆ. ಹೈಸ್ಪೀಡ್ ಕ್ಯಾಮೆರಾದಲ್ಲಿ ಬೆರಳು ಚೆಂಡು ಬಿಡುವ ಕ್ಷಣವನ್ನು ಹಿಡಿದು ತೋರಿಸುತ್ತಾರೆ. ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಸುಮಾರು 92 ಮೈಲಿ ಇದ್ದದ್ದು 2024ಕ್ಕೆ 94 ದಾಟಿತು. ಇದರ ಬೆಲೆ ತೆರುತ್ತಿರುವುದು ಮೊಣಕೈಯ ಒಳಬದಿಯ ಅಸ್ಥಿಬಂಧ. ಕ್ರಿಕೆಟ್ ಬೌಲರ್‌ಗೆ ಓಟದ ನೆರವಿದೆ, ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೇರವಾಗುವಂತಿಲ್ಲ. ಪಿಚರ್ ನಿಂತಲ್ಲಿಂದಲೇ, ಬಾಗಿದ ಮೊಣಕೈಯನ್ನು ಝಾಡಿಸಿ ಎಸೆಯುತ್ತಾನೆ. ಆ ಕ್ಷಣದ ತಿರುಚುಬಲ ಅಸ್ಥಿಬಂಧ ಒಂದೇ ತಾಳುವುದಕ್ಕಿಂತ ಹೆಚ್ಚು. ಮುಂಗೈಯ ಸ್ನಾಯುಗಳು ಪಾಲು ಹೊರಬೇಕು. ಸ್ನಾಯು ದಣಿದ ದಿನ ಭಾರವೆಲ್ಲ ಅಸ್ಥಿಬಂಧಕ್ಕೇ. ಹರಿದರೆ ಬೇರೆಡೆಯ ಸ್ನಾಯುರಜ್ಜು ತಂದು ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಡಾ. ಫ್ರ್ಯಾಂಕ್ ಜೋಬ್ 1974ರಲ್ಲಿ ಟಾಮಿ ಜಾನ್ ಅವರಿಗೆ ಮೊದಲು ಮಾಡಿದರು. ಚೇತರಿಕೆಗೆ 12ರಿಂದ 18 ತಿಂಗಳು. ವೇಗದ ಬೆನ್ನುಹತ್ತಿ ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವುದೇ ಗಾಯ ಹೆಚ್ಚಲು ಕಾರಣ ಎಂದು ಮೇಜರ್ ಲೀಗ್‌ನದೇ ವರದಿ 2024ರ ಡಿಸೆಂಬರ್‌ನಲ್ಲಿ ಹೇಳಿತು.

ಲಾಸ್ ಏಂಜಲೀಸ್ ಏಂಜಲ್ಸ್‌ನ ಬೆನ್ ಜಾಯ್ಸ್ ಕಾಲೇಜಿನಲ್ಲಿದ್ದಾಗಲೇ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. 2022ರಲ್ಲಿ ಆಯ್ಕೆ ಮಾಡಿದ ತಂಡ ಕೆಳ ಹಂತಗಳನ್ನು ಬಿಟ್ಟು ಅವರನ್ನು ನೇರ ಡಬಲ್-ಎಗೆ ಹಾಕಿತು, ಮರುವರ್ಷ ಮೇ ತಿಂಗಳಲ್ಲಿ ಮೇಜರ್ ಲೀಗ್‌ಗೆ ಕರೆಸಿತು. 2024ರ ಸೆಪ್ಟೆಂಬರ್ 3ರಂದು ಡಾಡ್ಜರ್ಸ್‌ನ ಟಾಮಿ ಎಡ್‌ಮನ್ ಅವರನ್ನು ಔಟ್ ಮಾಡಿದ ಎಸೆತ 105.5 ಮೈಲಿ, ಸುಮಾರು 170 ಕಿ.ಮೀ. ಎಂಟು ತಿಂಗಳ ನಂತರ, 2025ರ ಮೇನಲ್ಲಿ, ಅದೇ ತೋಳಿನ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ಆ ವರ್ಷದ ಆಟ ಅಲ್ಲಿಗೇ ನಿಂತಿತು.