ಹೊಸ ಲ್ಯಾಪ್‌ಟಾಪ್‌ನಲ್ಲಿ ಹಳೆಯ ಪೇಜ್‌ಮೇಕರ್: ಯಾವ ವರ್ಚುವಲ್ ಮಷೀನ್ ಹಾಕಿಕೊಳ್ಳಲಿ?

ಪ್ರಶ್ನೆ: ನನ್ನ ಹದಿನೈದು ವರ್ಷದ ಡಿಟಿಪಿ (ಅಚ್ಚಿಗೆ ಪುಟ ಜೋಡಿಸುವ) ಕೆಲಸವೆಲ್ಲ ಪೇಜ್‌ಮೇಕರ್ 7ರಲ್ಲಿ, ನುಡಿ ಫಾಂಟಿನಲ್ಲಿದೆ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್ ಇಂದೋ ನಾಳೆಯೋ ಕೈಕೊಡುವ ಹಾಗಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಹೋಮ್, 8 ಜಿಬಿ ರ‍್ಯಾಮ್ ಇದೆ. ವರ್ಚುವಲ್ ಮಷೀನ್, ಅಂದರೆ ಕಂಪ್ಯೂಟರಿನೊಳಗೊಂದು ಕಂಪ್ಯೂಟರ್, ಮಾಡಿಕೊಂಡರೆ ಅದರೊಳಗೇ ಎಕ್ಸ್‌ಪಿ ಓಡಿಸಬಹುದಂತೆ. ಹೈಪರ್-ವಿ, ವಿಎಂವೇರ್, ವರ್ಚುವಲ್‌ಬಾಕ್ಸ್, ಇವುಗಳಲ್ಲಿ ಯಾವುದು ಆಗಬಹುದು?

ಉತ್ತರ: ಹೈಪರ್-ವಿ ಮಾತು ಬಿಡಿ. ಅದು ವಿಂಡೋಸ್‌ನ ಪ್ರೊ, ಎಂಟರ್‌ಪ್ರೈಸ್, ಎಜುಕೇಷನ್ ಆವೃತ್ತಿಗಳಿಗೆ ಮಾತ್ರ. ನಿಮ್ಮ ಹೋಮ್‌ನಲ್ಲಿ ಸಿಗುವುದಿಲ್ಲ. ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊಗೆ ಮೊದಲು ದುಡ್ಡು ಕೊಡಬೇಕಿತ್ತು. ಬ್ರಾಡ್‌ಕಾಮ್ ಕೈಗೆ ಹೋದ ಮೇಲೆ 2024ರ ಮೇ ತಿಂಗಳಲ್ಲಿ ಸ್ವಂತ ಬಳಕೆಗೆ, ನವೆಂಬರ್‌ನಲ್ಲಿ ವ್ಯಾಪಾರಕ್ಕೂ ಉಚಿತವಾಯಿತು. ಒಳ್ಳೆಯ ತಂತ್ರಾಂಶವೇ, ಆದರೆ ಇಳಿಸಿಕೊಳ್ಳಲು ಅವರಲ್ಲಿ ಖಾತೆ ತೆರೆಯಬೇಕು. ನಿಮ್ಮ ಕೆಲಸಕ್ಕೆ ನಾನು ಹೇಳುವುದು ಒರಾಕಲ್‌ನ ವರ್ಚುವಲ್‌ಬಾಕ್ಸ್.

ಇಲ್ಲೊಂದು ಸೂಕ್ಷ್ಮವಿದೆ. ವರ್ಚುವಲ್‌ಬಾಕ್ಸ್ ಮೂಲ ತಂತ್ರಾಂಶ ಎಲ್ಲರಿಗೂ ಉಚಿತ. ಅದರ ಜೊತೆ ಕೊಡುವ ‘ಎಕ್ಸ್‌ಟೆನ್ಷನ್ ಪ್ಯಾಕ್’ (ಹೆಚ್ಚಿನ ಸೌಲಭ್ಯಗಳ ಕಟ್ಟು) ಮಾತ್ರ ಸ್ವಂತ ಬಳಕೆಗೆ, ಕಲಿಕೆಗೆ, ಪರೀಕ್ಷಿಸಿ ನೋಡುವುದಕ್ಕಷ್ಟೇ ಉಚಿತ. ನಿಮ್ಮದು ಸಂಪಾದನೆಯ ಕೆಲಸ, ಹಾಗಾಗಿ ಅದನ್ನು ಹಾಕಲೇಬೇಡಿ. ಮೊದಲೆಲ್ಲ ಯುಎಸ್‌ಬಿ 2.0 ಬೇಕೆಂದರೆ ಆ ಪ್ಯಾಕ್ ಬೇಕಿತ್ತು. 2022ರ 7.0 ಆವೃತ್ತಿಯಿಂದ ಅದು ಮೂಲದಲ್ಲೇ ಸೇರಿದೆ.

ಯುಎಸ್‌ಬಿ ವಿಷಯ ಯಾಕೆ ತೆಗೆದೆನೆಂದರೆ, ಡಾಂಗಲ್ (ಬೀಗದ ಕೈಯಂತಿರುವ ಯುಎಸ್‌ಬಿ ಕಡ್ಡಿ) ಚುಚ್ಚದೆ ತೆರೆಯದ ಕನ್ನಡ ತಂತ್ರಾಂಶವೂ ನಿಮ್ಮ ಹತ್ತಿರ ಇರಬಹುದು. ವರ್ಚುವಲ್‌ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ 2.0 ಆರಿಸಿ, 3.0 ಬೇಡ, ಎಕ್ಸ್‌ಪಿಯಲ್ಲಿ ಅದಕ್ಕೆ ಡ್ರೈವರ್ ಇಲ್ಲ. ಆಮೇಲೆ ‘ಡಿವೈಸಸ್’ ಮೆನುವಿನಲ್ಲಿ ಡಾಂಗಲ್‌ನ ಹೆಸರಿಗೆ ಟಿಕ್ ಹಾಕಿದರೆ ಅದು ವಿಂಡೋಸ್ 11ರ ಕೈಬಿಟ್ಟು ಒಳಗಿನ ಎಕ್ಸ್‌ಪಿಗೆ ಹೋಗುತ್ತದೆ. ಪೆನ್‌ಡ್ರೈವ್‌ಗೂ ಇದೇ ದಾರಿ.

8 ಜಿಬಿ ಸಾಕೇ ಎಂಬ ಅನುಮಾನ ಬೇಡ. ಒಳಗೆ ವಿಂಡೋಸ್ 11 ಕೂರಿಸುವುದಾದರೆ ಅದೊಂದಕ್ಕೇ 4 ಜಿಬಿ ಹೋಗಿ ಲ್ಯಾಪ್‌ಟಾಪ್ ತಿಣುಕುತ್ತಿತ್ತು. ಎಕ್ಸ್‌ಪಿಗೆ 512 ಎಂಬಿ ಕೊಟ್ಟರೂ ನಡೆದೀತು, 1 ಜಿಬಿ ಧಾರಾಳ. ಡಿಸ್ಕ್‌ಗೆ 20 ಜಿಬಿ ಅಂತ ಹಾಕಿ. ಪೂರ್ತಿ ಒಂದೇ ಸಲ ಹಿಡಿಯುವುದಿಲ್ಲ, ತುಂಬಿದ ಹಾಗೆ ಬೆಳೆಯುತ್ತದೆ. ಎಕ್ಸ್‌ಪಿಗೆ ಲೈಸೆನ್ಸ್ ಇಲ್ಲೂ ಬೇಕು. ಹಳೆಯ ಡಬ್ಬದ ಜೊತೆಗೇ ಬಂದ ಓಇಎಂ ಲೈಸೆನ್ಸ್ ಆ ಡಬ್ಬಕ್ಕೇ ಸೀಮಿತ, ನೆನಪಿರಲಿ.

ಶುರು ಮಾಡುವ ಮುನ್ನ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ. ‘ವರ್ಚುವಲೈಸೇಷನ್: ಎನೇಬಲ್ಡ್’ ಎಂದಿರಬೇಕು. ಇಲ್ಲದಿದ್ದರೆ ಬಯಾಸ್‌ಗೆ (ಲ್ಯಾಪ್‌ಟಾಪ್ ಶುರುವಾಗುವಾಗಲೇ ತೆರೆಯಬೇಕಾದ ಮೂಲ ಸೆಟ್ಟಿಂಗ್‌ಗೆ) ಹೋಗಿ ಆನ್ ಮಾಡಬೇಕು. ಎಕ್ಸ್‌ಪಿ ಓಡುವಾಗ ಕಿಟಕಿಯ ಕೆಳಮೂಲೆಯಲ್ಲಿ ಪುಟ್ಟ ಹಸಿರು ಆಮೆ ಕಂಡರೆ ಗಾಬರಿಯಾಗಬೇಡಿ. ವಿಂಡೋಸ್‌ನ ‘ಮೆಮೊರಿ ಇಂಟೆಗ್ರಿಟಿ’ಯಂಥ ರಕ್ಷಣೆ ಪ್ರೊಸೆಸರನ್ನು ಮೊದಲೇ ಹಿಡಿದಿದೆ, ಅದಕ್ಕೇ ವೇಗ ಕಡಿಮೆ ಎಂದು ಅದರರ್ಥ. ಪೇಜ್‌ಮೇಕರ್‌ಗೆ ಆಮೆಯ ನಡಿಗೆಯೇ ಬೇಕಾದಷ್ಟು. ಅದಕ್ಕಾಗಿ ರಕ್ಷಣೆ ತೆಗೆಯುವುದು ನನಗೆ ಸರಿ ಕಾಣದು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಆದ್ದರಿಂದ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಟಿಕ್ ತೆಗೆದು ಅದನ್ನು ಇಂಟರ್ನೆಟ್ಟಿಂದ ದೂರವೇ ಇಡಿ. ಮೌಸ್ ಒಳಗೆ ಸಿಕ್ಕಿಕೊಂಡರೆ ಬಲಗಡೆಯ ಕಂಟ್ರೋಲ್ ಕೀ ಒತ್ತಿ ಬಿಡಿಸಿಕೊಳ್ಳಬೇಕು. ಆ ಕೀಯೇ ಇಲ್ಲದ ಲ್ಯಾಪ್‌ಟಾಪ್ ಮುಂದೆ ಕೂತು ನಾನು ಮೊದಲ ದಿನ ಬೆವರಿದ್ದೆ. ಆಮೇಲೆ ಗೊತ್ತಾಯಿತು, ಪ್ರಿಫರೆನ್ಸಸ್‌ನಲ್ಲಿ ಬೇರೆ ಕೀ ಇಟ್ಟುಕೊಳ್ಳಬಹುದು.

ಇದೆಲ್ಲಕ್ಕಿಂತ ಮೊದಲು, ಹಳೆಯ ಕಂಪ್ಯೂಟರಿಗೆ ಇನ್ನೂ ಉಸಿರಿರುವಾಗಲೇ, ಫೈಲುಗಳ ಜೊತೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಟ್ಟುಕೊಳ್ಳಿ. ಪೇಜ್‌ಮೇಕರ್ ತೆರೆದುಕೊಂಡರೂ ಆ ಹಳೆಯ ನುಡಿ ಫಾಂಟ್ ಇಲ್ಲದಿದ್ದರೆ ನಿಮ್ಮ ಲಗ್ನಪತ್ರಿಕೆಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ.